ಐಡ್ಲಿಂಗ್ ಏರಿಳಿತ: ಗಾಳಿ ನುಗ್ಗುತ್ತಿದ್ದ ಜಾಗ ಹುಡುಕಿದ್ದು ಹೀಗೆ

ನನ್ನದು ಹಳೆಯ ಪೆಟ್ರೋಲ್ ಕಾರು, ಫ್ಯೂಯಲ್ ಇಂಜೆಕ್ಷನ್ ಇರುವಂಥದ್ದು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗಿನ ವೇಗ, 1,300 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುವ ಸುತ್ತು). ಅದರಲ್ಲಿ ತಪ್ಪಿಲ್ಲ, ತಣ್ಣಗಿರುವ ಎಂಜಿನ್ ಸ್ವಲ್ಪ ಜೋರಾಗಿಯೇ ಓಡಬೇಕು. ಆದರೆ ಬಿಸಿಯಾದ ಮೇಲೆ 800ರ ಆಸುಪಾಸಿಗೆ ಇಳಿಯಬೇಕಿದ್ದ ಮುಳ್ಳು 1,100ರಿಂದ 1,800ಕ್ಕೆ ಏರುವುದು, ಮತ್ತೆ ಬೀಳುವುದು, ಮತ್ತೆ ಏರುವುದು. ಸಿಗ್ನಲ್‌ನಲ್ಲಿ ನಿಂತಷ್ಟು ಹೊತ್ತೂ ಇದೇ.

ಐಡಲ್ ವಾಲ್ವ್ (ಐಡ್ಲಿಂಗ್‌ಗೆ ಬೇಕಾದ ಗಾಳಿಯನ್ನು ಹದಮಾಡಿ ಬಿಡುವ ವಾಲ್ವ್) ಹೋಗಿದೆ, ಬದಲಾಯಿಸಿ ಅಂತ ಕೆಲವರು ಅಂದರು. ನನಗೆ ಮನಸ್ಸು ಒಪ್ಪಲಿಲ್ಲ, ಏಕೆಂದರೆ ಆ ಏರಿಳಿತಕ್ಕೊಂದು ಲೆಕ್ಕವಿದೆ. ಆಕ್ಸಿಲರೇಟರ್ ಬಿಟ್ಟಿದ್ದರೂ ಎಲ್ಲಿಂದಲೋ ಹೆಚ್ಚಿನ ಗಾಳಿ ಒಳಗೆ ಹೋದರೆ ಆರ್‌ಪಿಎಂ ಏರುತ್ತದೆ. ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಂತೆ ತೆರೆದು ಗಾಳಿ ಬಿಡುವ ಬಾಗಿಲು) ಮುಚ್ಚಿದೆ, ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಿದೆ ಎಂದರೆ ಗಾಡಿ ಇಳಿಜಾರಿನಲ್ಲಿದೆ ಅನ್ನುವುದು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಲೆಕ್ಕ. ಅದು ಪೆಟ್ರೋಲ್ ನಿಲ್ಲಿಸುತ್ತದೆ. ಆರ್‌ಪಿಎಂ ಬಿದ್ದೊಡನೆ ಮತ್ತೆ ಬಿಡುತ್ತದೆ. ಮುಳ್ಳಿನ ಉಯ್ಯಾಲೆ ಅಲ್ಲಿಂದಲೇ.

ಆಕ್ಸಿಲರೇಟರ್ ಕೇಬಲ್ ಸಡಿಲವಾಗಿಯೇ ಇತ್ತು, ಕೂಲೆಂಟ್ ಮಟ್ಟ ಸರಿಯಿತ್ತು. ಕೂಲೆಂಟ್ ಕಡಿಮೆಯಿದ್ದರೂ ಕೆಲವು ಗಾಡಿಗಳಲ್ಲಿ ಇದೇ ತೊಂದರೆ ಬರುತ್ತದೆ, ಹಾಗಾಗಿ ನೋಡಿಯೇ ಮುಂದುವರಿಯಬೇಕು.

ನಂತರ ಏರ್ ಫಿಲ್ಟರಿನ ಕೊಳವೆ ಬಿಚ್ಚಿದೆ. ನನ್ನ ಗಾಡಿಯಲ್ಲಿ ಆ ಕೊಳವೆಯಲ್ಲಿ ಗಾಳಿ ಅಳೆಯುವ ಸೆನ್ಸರ್ ಇಲ್ಲ, ಆದ್ದರಿಂದ ಬಿಚ್ಚಿದರೂ ಎಂಜಿನ್ ಓಡುತ್ತದೆ. ಥ್ರಾಟಲ್ ಕೂತಿರುವ ಥ್ರಾಟಲ್ ಬಾಡಿಯ ಬಾಯಲ್ಲಿ ಐಡಲ್ ವಾಲ್ವಿಗೆ ಗಾಳಿ ಹೋಗುವ ಸಣ್ಣ ತೂತಿದೆ. ಅದನ್ನು ಬೆರಳಿನಿಂದ ಒತ್ತಿ ಮುಚ್ಚಿದೆ. ವಾಲ್ವಿನದೇ ತಪ್ಪಾಗಿದ್ದರೆ ಎಂಜಿನ್ ಸದ್ದು ಕುಗ್ಗಬೇಕಿತ್ತು. ಕುಗ್ಗಲಿಲ್ಲ. ಬೆರಳಿಗೆ ಎಳೆತವೂ ಅಷ್ಟಾಗಿ ತಾಗಲಿಲ್ಲ. ವಾಲ್ವ್ ಆಗಲೇ ಪೂರ್ತಿ ಮುಚ್ಚಿಕೊಂಡಿತ್ತು ಪಾಪ!

ಇನ್ನು ಉಳಿದದ್ದು ವ್ಯಾಕ್ಯೂಮ್ ಪೈಪುಗಳು, ಅಂದರೆ ಥ್ರಾಟಲ್ ಆಚೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿಗೆ ಸೇರುವ ಕೊಳವೆಗಳು. ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ ಒಂದೊಂದನ್ನೇ ಹಿಸುಕುತ್ತ ಬಂದೆ. ಬ್ರೇಕಿಗೆ ಬಲ ಕೊಡುವ ಬ್ರೇಕ್ ಬೂಸ್ಟರಿನ ಪೈಪ್ ಹಿಸುಕಿದರೆ ವ್ಯತ್ಯಾಸವಿಲ್ಲ. ಪಿಸಿವಿ ಹೋಸನ್ನು (ಎಂಜಿನ್ ಒಳಗಿನ ಹೊಗೆ, ಎಣ್ಣೆಯಾವಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವ ಕೊಳವೆ) ಪಿಸಿವಿ ವಾಲ್ವಿನ ಪಕ್ಕದಲ್ಲಿ ಹಿಸುಕಿದಾಗ ಹೆಚ್ಚೇನೂ ಆಗಲಿಲ್ಲ; ಮ್ಯಾನಿಫೋಲ್ಡ್ ಪಕ್ಕದಲ್ಲಿ ಹಿಸುಕಿದ ಕೂಡಲೇ ಮುಳ್ಳು ಸರ್ರನೆ ಇಳಿದು ನಿಂತಿತು. ಅಲ್ಲಿಗೆ ತೂತು ಇವೆರಡರ ನಡುವೆಯೇ.

ಬಿಚ್ಚಿ ನೋಡಿದರೆ ಹೋಸಿನ ಬಾಗಿನ ತಳಭಾಗದಲ್ಲಿ ಉಗುರಿನಷ್ಟುದ್ದದ ಸೀಳು. ಎಣ್ಣೆ ಕುಡಿದು ರಬ್ಬರ್ ಮೆತ್ತಗಾಗಿತ್ತು. ತಣ್ಣಗಿದ್ದಾಗ ಸೀಳಿನ ತುಟಿಗಳು ಕೂಡಿಕೊಂಡಿರುತ್ತಿದ್ದವು, ಬಿಸಿಯಾದಾಗ ಬಾಯಿ ಬಿಡುತ್ತಿದ್ದವು. ಮೇಲಿನಿಂದ ಎಷ್ಟು ಟಾರ್ಚ್ ಬಿಟ್ಟರೂ ಅದು ಕಾಣುತ್ತಿರಲಿಲ್ಲ.

ಸೋರಿಕೆ ಹುಡುಕಲು ಕೆಲವರು ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸುತ್ತಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿಗೆ ದಾರಿ, ದಯವಿಟ್ಟು ಬೇಡ. ಥ್ರಾಟಲ್ ಮುಚ್ಚುವಾಗ ಬಂದು ತಾಗಿ ನಿಲ್ಲುವ ಥ್ರಾಟಲ್ ಸ್ಟಾಪ್ ಸ್ಕ್ರೂ ಕೂಡ ಮುಟ್ಟಬೇಡಿ. ಥ್ರಾಟಲ್ ಪೂರ್ತಿ ಮುಚ್ಚಿದ ಜಾಗ ಯಾವುದೆಂದು ಇಸಿಯು ತಿಳಿಯುವುದೇ ಅದರ ಮೇಲೆ.

ಅದೇ ಬಾಗಿನ ಹೊಸ ಹೋಸ್ ಹಾಕಿದೆ. ನೇರ ಪೈಪನ್ನು ಬಗ್ಗಿಸಿ ಹಾಕಿದರೆ ಮಡಚಿಕೊಳ್ಳುತ್ತದೆ. ಥ್ರಾಟಲ್ ಬಾಡಿಯ ಕರಿ ಒರೆಸಿ, ಇಸಿಯು ಹಳೆಯ ಲೆಕ್ಕ ಮರೆಯಲೆಂದು ಬ್ಯಾಟರಿಯ ನೆಗೆಟಿವ್ ತಂತಿ ಸ್ವಲ್ಪ ಹೊತ್ತು ಬಿಚ್ಚಿಟ್ಟೆ. ಆಮೇಲೆ ಸ್ಟಾರ್ಟ್ ಮಾಡಿ, ಇಸಿಯು ಹೊಸದಾಗಿ ಲೆಕ್ಕ ಕಲಿಯಲೆಂದು ಎಂಜಿನ್ ಬಿಸಿಯಾಗುವವರೆಗೂ ಎಸಿ, ಲೈಟು ಯಾವುದನ್ನೂ ಹಾಕದೆ ಕೂತಿದ್ದೆ. ಮುಳ್ಳು 1,300ರಿಂದ ನಿಧಾನಕ್ಕೆ ಇಳಿಯುತ್ತ ಬಂದು 800ರಲ್ಲಿ ನಿಂತಿತು.