ಆಪದ್ಬಾಂಧವ: ತಪ್ಪಿಲ್ದೆ ಬರೆಯೋದು ಹೇಗೆ, ಬಿಡಿಸಿ ನೋಡೋದು ಹೇಗೆ

ನಮ್ ಏರಿಯಾದಲ್ಲಿ ಒಂದು ಬರ್ತ್‌ಡೇ ಫ್ಲೆಕ್ಸ್ ಹಾಕಿದ್ರು, ಅಣ್ಣನ ಫೋಟೋ ಕೆಳಗೆ ದಪ್ಪಕ್ಷರದಲ್ಲಿ "ಬಡವರ ಆಪತ್ಭಾಂದವ". ಒಂದೇ ಪದದಲ್ಲಿ ಮೂರು ತಪ್ಪು ಮಾರಾಯ್ರೆ.

ಸರಿಯಾಗಿ ಬರೀಬೇಕು ಅಂದ್ರೆ ಮೊದ್ಲು ಪದಾನ ಎರಡು ತುಂಡು ಮಾಡಿ. ಆಪತ್ + ಬಾಂಧವ. ಸ್ಕೂಲಲ್ಲಿ ಜಶ್ತ್ವ ಸಂಧಿ ಅಂತ ಉರು ಹೊಡ್ದಿದ್ವಲ್ಲ, ಸತ್ + ಭಾವ ಸದ್ಭಾವ ಆಗೋ ಹಾಗೆ ಇಲ್ಲೂ ತ್ ಹೋಗಿ ದ್ ಬರುತ್ತೆ. ಇನ್ನು ಬಾ, ಧ ಎರಡ್ರಲ್ಲಿ ಯಾವ್ದು ಮಹಾಪ್ರಾಣ ಅಂತ ಡೌಟ್ ಬಂದ್ರೆ 'ಬಂಧು' ಅಂತ ಬರೆದು ನೋಡಿ, ಅಲ್ಲಿ ಹೇಗಿದ್ಯೋ ಇಲ್ಲೂ ಹಾಗೇ. ಯಾಕಂದ್ರೆ ಬಂಧುವಿಂದಾನೇ ಬಾಂಧವ ಬಂದಿರೋದು, ಮನು ಮಾನವ, ಯದು ಯಾದವ, ರಘು ರಾಘವ ಆದ ಹಾಗೆ.

ಈಗ ಬೇರು ಹುಡುಕೋಣ. ಪೂರ್ತಿ ಪದದ ಹಿಂದೆ ಬೀಳ್ಬೇಡಿ, ಒಂದೊಂದೇ ತುಂಡು ತಗೊಂಡು ಅದರ ಅಣ್ತಮ್ಮಂದಿರನ್ನ ಪಕ್ಕದಲ್ಲಿ ಬರ್ಕೊಳ್ಳಿ. ಆಪತ್ತು, ವಿಪತ್ತು, ಸಂಪತ್ತು. ಮೂರಕ್ಕೂ ಧಾತು ಒಂದೇ, ಸಂಸ್ಕೃತದ 'ಪದ್', ಅಂದ್ರೆ ಹೋಗು, ಬೀಳು ಅನ್ನೋ ಥರ, ಮುಂದೆ ಆ ಸೇರಿದ್ರೆ ಕಷ್ಟ, ಸಂ ಸೇರಿದ್ರೆ ದುಡ್ಡು! ಬಂಧುಗೆ ಬೇರು 'ಬಂಧ್', ಕಟ್ಟು ಅಂತ. ಸಂಬಂಧ, ಬಂಧನ ಎಲ್ಲ ಅದೇ ಮನೆಯವು, ಪೊಲೀಸ್ರು ಮಾಡೋದೂ ಬಂಧನಾನೇ, ಜಾಮೀನು ಕೊಟ್ಟು ಬಿಡಿಸ್ಕೊಂಡು ಬರೋನೂ ಬಂಧುನೇ.

ಹಾಗಾಗಿ ಈ ಪದದಲ್ಲಿ 'ಕಾಪಾಡು' ಅನ್ನೋದು ಎಲ್ಲೂ ಇಲ್ಲ ನೋಡಿ. ರಕ್ಷಕ ಅಂದ್ರೆ ರಕ್ಷಿಸೋನು, ಅವ್ನ ಕೆಲ್ಸ ಅಷ್ಟು. ಆಪದ್ಬಾಂಧವ ಅಂದ್ರೆ ಕಷ್ಟದ ಹೊತ್ತಲ್ಲಿ ನೆಂಟನಾದವನು, "ಆಪತ್ತಿಗಾದವನೇ ನೆಂಟ" ಅಂತ ನಮ್ಮಜ್ಜಿಯರು ಸಂಧಿಗಿಂಧಿ ಇಲ್ದೆ ಹೇಳಿದ್ದೂ ಇದನ್ನೇ.

ಬಳಸುವಾಗ ಇದು ನೆನಪಿಟ್ಕೊಳ್ಳಿ. ಡ್ಯೂಟಿ ಮೇಲಿರೋ ಲೈಫ್‌ಗಾರ್ಡಿಗೆ ರಕ್ಷಕ ಸಾಕು, ರಾತ್ರಿ ಹನ್ನೊಂದಕ್ಕೆ ಗಾಡಿ ಪೆಟ್ರೋಲ್ ಖಾಲಿಯಾಗಿ ನಿಂತಾಗ ತನ್ನ ಬೈಕಿಂದ ಬಾಟ್ಲಿಗೆ ಇಳಿಸಿ ಕೊಟ್ಟು ಹೆಸರೂ ಹೇಳ್ದೆ ಹೋದ್ನಲ್ಲ, ಅವ್ನು ಆಪದ್ಬಾಂಧವ. ಹೆಂಗಸರಾದ್ರೆ ಏನು ಬರೆಯೋದು ಅಂತ ತಲೆ ಕೆಡಿಸ್ಕೋಬೇಡಿ, 'ಆಪದ್ಬಾಂಧವರು' ಅಂತ ಗೌರವದ ಬಹುವಚನ ಹಾಕಿ. ಫ್ಲೆಕ್ಸಿನ ಅಣ್ಣಂಗೂ ಅದೇ ಹಾಕ್ಬಹುದಿತ್ತು.