ಸಹಿ ಹಾಕುವವರು ಯಾರು? ಸರ್ಕಾರಿ ಕಚೇರಿಯನ್ನು ಎಐಗೆ ಸಜ್ಜು ಮಾಡಿದ ನನ್ನ ಅನುಭವ

ನಮ್ಮ ರಾಜ್ಯದ ಒಂದು ಜಿಲ್ಲಾ ಕಚೇರಿಯಲ್ಲಿ ಜನರ ಅಹವಾಲುಗಳನ್ನು ಎಐ ಮೂಲಕ ವಿಂಗಡಿಸಲು ತೀರ್ಮಾನವಾಯಿತು. ಸಿಬ್ಬಂದಿಯನ್ನು ಅದಕ್ಕೆ ಸಜ್ಜು ಮಾಡುವ ಕೆಲಸ ನನಗೆ ಬಂತು. ಮೊದಲ ಸಭೆಯಲ್ಲೇ ಒಬ್ಬ ಕೇಸ್ ವರ್ಕರ್ ಎದ್ದು ಕೇಳಿದರು: "ಸರ್, ಅದು ತಪ್ಪು ಮಾಡಿದ್ರೆ ನೋಟಿಸ್ ಯಾರಿಗೆ ಬರುತ್ತೆ?"

ಆ ಪ್ರಶ್ನೆಗೆ ಉತ್ತರ ಬರೆದಿಟ್ಟ ಮೇಲೆಯೇ ಮುಂದಿನ ಹೆಜ್ಜೆ ಅಂತ ಅಲ್ಲೇ ಒಪ್ಪಿಕೊಂಡೆವು. ಎಐ ಬಳಕೆಯ ನೀತಿಯ ಮುಕ್ಕಾಲು ಭಾಗ ಅದರಲ್ಲೇ ಇದೆ ಅನ್ನೋದು ನನ್ನ ನಂಬಿಕೆ.

ನಾವು ಹಾಕಿಕೊಂಡ ಗೆರೆ ಇಷ್ಟೇ. ಅರ್ಜಿ ಯಾವ ಇಲಾಖೆಗೆ ಹೋಗಬೇಕು ಅಂತ ಎಐ ಸೂಚಿಸಬಹುದು. ಉದ್ದದ ಅರ್ಜಿಯ ಸಾರಾಂಶ ಕೊಡಬಹುದು. ಆದರೆ ಅರ್ಜಿಯನ್ನು ತಿರಸ್ಕರಿಸುವುದು, ಮುಕ್ತಾಯ ಮಾಡುವುದು, ಯಾರದ್ದಾದರೂ ಹೆಸರನ್ನು ಸೌಲಭ್ಯದ ಪಟ್ಟಿಯಿಂದ ತೆಗೆಯುವುದು, ಇವೆಲ್ಲ ಹೆಸರು, ಹುದ್ದೆ, ಸಹಿ ಇರುವ ಮನುಷ್ಯರ ಕೆಲಸ. ಪಕ್ಕದ ತೆಲಂಗಾಣದಲ್ಲಿ ಹಲವು ಇಲಾಖೆಗಳ ಮಾಹಿತಿ ಜೋಡಿಸಿ ಅನರ್ಹರನ್ನು ಹುಡುಕುವ 'ಸಮಗ್ರ ವೇದಿಕ' ಎಂಬ ವ್ಯವಸ್ಥೆ ಇದೆ. ಅಲ್ಲಿ ರೇಷನ್ ಕಾರ್ಡುಗಳು ಲಕ್ಷಗಟ್ಟಲೆ ರದ್ದಾದವು, ನಿಜವಾದ ಬಡವರೂ ಅದರಲ್ಲಿ ಸಿಕ್ಕಿಕೊಂಡರು. ಕೊನೆಗೆ 2022ರಲ್ಲಿ ಸುಪ್ರೀಂ ಕೋರ್ಟ್, ಸ್ಥಳಕ್ಕೆ ಹೋಗಿ ಮರುಪರಿಶೀಲನೆ ಮಾಡಿ ಎಂದು ಹೇಳಬೇಕಾಯಿತು. ಈ ಕಥೆ ಹೇಳಿದಾಗ ಆಹಾರ ಶಾಖೆಯವರು ಬಹಳ ಹೊತ್ತು ಚರ್ಚೆ ಮಾಡಿದರು. ತಪ್ಪಾಗಿ ರದ್ದಾದ ಕಾರ್ಡು ಹಿಡಿದು ಬರುವವರನ್ನು ಕೌಂಟರಿನಲ್ಲಿ ದಿನಾ ನೋಡುವವರು ಅವರೇ ಅಲ್ವಾ.

ಇದಕ್ಕೆ ಹೊಸ ಕಾನೂನು ಬರಲಿ ಎಂದು ಕಾಯಬೇಕಿಲ್ಲ. ಆಡಳಿತದ ತೀರ್ಮಾನದಿಂದ ಯಾರಿಗೆ ತೊಂದರೆಯಾಗುತ್ತದೋ ಅವರಿಗೆ ಕಾರಣ ತಿಳಿಸಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನಲ್ಲೇ ಇದೆ. "ಸಿಸ್ಟಮ್ ಹಾಗೆ ತೋರಿಸ್ತು" ಅನ್ನೋದು ಕಾರಣ ಆಗುವುದಿಲ್ಲ. ನಮ್ಮ ರಾಜ್ಯದ ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ತಂದ 'ಭೂಮಿ' ಯೋಜನೆಯೂ ದಾರಿ ತೋರಿಸಿತ್ತು. ಅಲ್ಲಿ ಸಿಬ್ಬಂದಿ ಬೆರಳಚ್ಚು ಕೊಟ್ಟು ಲಾಗಿನ್ ಆಗುತ್ತಿದ್ದುದರಿಂದ ಪಹಣಿ ಬದಲಾವಣೆ ಮಾಡಿದ್ದು ಯಾರು ಎಂಬುದು ದಾಖಲಾಗುತ್ತಿತ್ತು. ಅದೇ ರೀತಿ ಎಐ ಏನು ಸೂಚಿಸಿತು, ಅಧಿಕಾರಿ ಏನು ಮಾಡಿದರು, ಬೇರೆ ಮಾಡಿದ್ದರೆ ಯಾಕೆ, ಮೂರನ್ನೂ ಕಡತದಲ್ಲಿ ಇಡುವ ಏರ್ಪಾಡು ಮಾಡಿದೆವು.

ಹೆಚ್ಚು ಹೊತ್ತು ಹಿಡಿದದ್ದು ಪರೀಕ್ಷೆ. ಹಳೆಯ ಕಡತಗಳೇ ಮೊದಲ ಅಡ್ಡಿ. ಬಹಳಷ್ಟು ಹಳೆಯ ನುಡಿ ಫಾಂಟಿನಲ್ಲಿ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ಥರ ಓದುವ ಅಕ್ಷರ ಸಂಕೇತ) ಬಳಕೆಗೆ ಬರುವ ಮೊದಲಿನ ರೀತಿಯಲ್ಲಿ ಟೈಪ್ ಆಗಿದ್ದವು. ತೆರೆಯ ಮೇಲೆ ಅಚ್ಚ ಕನ್ನಡ. ಎಐಗೆ ಕೊಟ್ಟರೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಮೊದಲು ಎಲ್ಲವನ್ನೂ ಯೂನಿಕೋಡಿಗೆ ತಂದು, ಒತ್ತಕ್ಷರ, ಅರ್ಕಾವತ್ತು ಸರಿಯಾಗಿವೆಯಾ ಎಂದು ಕಣ್ಣಾರೆ ನೋಡಬೇಕಾಯಿತು.

ಆಮೇಲೆ ಇತ್ಯರ್ಥವಾದ ಹಳೆಯ ಅರ್ಜಿಗಳನ್ನೇ ಕೊಟ್ಟು ನೋಡಿದೆವು. ಒಟ್ಟು ಲೆಕ್ಕ ಚೆನ್ನಾಗಿಯೇ ಕಂಡಿತು. ಅದನ್ನು ಬಿಡಿಸಿ ನೋಡಿದಾಗ ವಿಷಯ ಬೇರೆ ಇತ್ತು. ವಕೀಲರೋ ಟೈಪಿಂಗ್ ಅಂಗಡಿಯವರೋ ಬರೆದುಕೊಟ್ಟ ಅರ್ಜಿಗಳು ಸರಿಯಾದ ಇಲಾಖೆಗೆ ಹೋಗುತ್ತಿದ್ದವು. ಕೈಯಲ್ಲಿ ಬರೆದ, ಒಂದೇ ಹಾಳೆಯಲ್ಲಿ ವಿಧವಾ ಪಿಂಚಣಿ, ಜಮೀನಿನ ಪೋಡಿ, ಕುಡಿಯುವ ನೀರು ಎಲ್ಲ ಸೇರಿದ ಅರ್ಜಿಗಳು ಎಲ್ಲೆಲ್ಲೋ ಹೋಗುತ್ತಿದ್ದವು. ಟೈಪ್ ಮಾಡಿಸಲು ದುಡ್ಡಿಲ್ಲದವರಿಗೇ ಜಾಸ್ತಿ ಅನ್ಯಾಯ. ಹಾಗಾಗಿ ಕೈಬರಹದ ಅರ್ಜಿಗಳೆಲ್ಲ ನೇರವಾಗಿ ಮನುಷ್ಯರ ಮೇಜಿಗೇ ಹೋಗಲಿ ಎಂದು ಹಟ ಹಿಡಿದೆವು. ಕೆಲಸ ನಿಧಾನವಾಗುತ್ತದೆ ಎಂಬ ಆಕ್ಷೇಪ ಬಂತು. ನಿಜ, ಆಗುತ್ತದೆ. ಆದರೂ ಅದೇ ಸರಿ. ಸಾಫ್ಟ್‌ವೇರ್ ಮಾರುವವರು ಶೇಕಡಾವಾರು ತೋರಿಸಿದರೆ, ಯಾರ ಅರ್ಜಿಗಳ ಶೇಕಡಾವಾರು ಎಂದು ತಪ್ಪದೆ ಕೇಳಿ.

ಗೋಪ್ಯತೆ ಬಗ್ಗೆ ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ಆಧಾರ್ ಸಂಖ್ಯೆ, ಜಾತಿ ಪ್ರಮಾಣಪತ್ರ ಇರುವ ಅರ್ಜಿಯ ಫೋಟೊ ತೆಗೆದು ಮೊಬೈಲಿನ ಉಚಿತ ಆ್ಯಪಿಗೆ ಹಾಕುವುದು ಸುಲಭ. ಕೇಂದ್ರದ ಹಣಕಾಸು ಸಚಿವಾಲಯ 2025ರ ಆರಂಭದಲ್ಲಿ ತನ್ನ ಕಚೇರಿ ಕಂಪ್ಯೂಟರುಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್ ಥರದವನ್ನು ಬಳಸಬೇಡಿ ಎಂದಿತ್ತು. ಸುಮ್ನೆ ಬೇಡ ಅಂದರೆ ಜನ ಕದ್ದು ಬಳಸುತ್ತಾರೆ ಅನ್ನೋದು ನನ್ನ ಅನಿಸಿಕೆ. ಅದಕ್ಕೆ ಹೆಸರು, ಸಂಖ್ಯೆ, ಊರು ಮುಚ್ಚಿ ಕೆಲಸ ಮಾಡುವುದನ್ನು ಕೂತು ಅಭ್ಯಾಸ ಮಾಡಿಸಿದೆವು.

ಕೊನೆಗೆ ಗುತ್ತಿಗೆ ಪತ್ರಕ್ಕೆ ಮೂರು ಷರತ್ತು ಸೇರಿಸಿದೆವು. ಜನರ ಅರ್ಜಿಗಳನ್ನು ಕಂಪನಿ ತನ್ನ ಮಾಡೆಲ್ ತರಬೇತಿಗೆ ಬಳಸುವಂತಿಲ್ಲ. ದಾಖಲೆಗಳೆಲ್ಲ ಸರ್ಕಾರದ ಸ್ವತ್ತು. ತಪ್ಪುಗಳು ಹೆಚ್ಚಿದರೆ ಜಿಲ್ಲಾ ಮಟ್ಟದ ಅಧಿಕಾರಿಯೇ ಎಐ ಬಳಕೆಯನ್ನು ನಿಲ್ಲಿಸಬಹುದು, ಬೆಂಗಳೂರಿನ ಅನುಮತಿಗೆ ಕಾಯಬೇಕಾಗಿಲ್ಲ. ಮೂರನೆಯದಕ್ಕೆ ಒಪ್ಪಿಗೆ ಪಡೆಯುವುದೇ ಕಷ್ಟವಾಯಿತು. ನಿಮ್ಮ ಕಚೇರಿಯಲ್ಲಿ ಈ ಕೆಲಸ ಶುರುವಾಗುತ್ತಿದ್ದರೆ ಅದನ್ನು ಟೆಂಡರ್ ಕರೆಯುವಾಗಲೇ ಬರೆಸಿಬಿಡಿ. ಕೆಲಸದ ಆದೇಶ ಕೊಟ್ಟ ಮೇಲೆ ಸೇರಿಸುವುದು ಬಹಳ ಕಷ್ಟ.