ಬ್ಯಾಂಕ್ ಬ್ಯಾಕ್ ಆಫೀಸ್ ಕೆಲಸ: ಸಿಟಿಸಿ ನೋಡಿ, ಪ್ರೊಸೆಸ್ ಕೇಳಿ

ನ್ಯೂಯಾರ್ಕ್‌ನಲ್ಲಿ ಮಾರಿದ ಷೇರಿನ ಹಣ ಸರಿಯಾದ ಖಾತೆಗೆ ಬಿತ್ತೇ ಎಂದು ನೋಡುವವರು ಎಷ್ಟೋ ಸಲ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕುಳಿತ ಬಿ.ಕಾಂ ಪದವೀಧರರು. ಗ್ರಾಹಕರ ಕಣ್ಣಿಗೆ ಬೀಳದ ಈ ಕೆಲಸವೇ ಬ್ಯಾಕ್ ಆಫೀಸ್. ಎಎನ್‌ಝಡ್ ಬ್ಯಾಂಕ್ 1989ರಲ್ಲೇ ಈ ಊರಿಗೆ ಬಂತು, ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲಿ. ಆಮೇಲೆ ಬಂದವು ಹಲವು. ಕೆಲಸಕ್ಕೆ ಸೇರುವ ಹೆಚ್ಚಿನವರು ಸಿಟಿಸಿ (ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಎಷ್ಟೆಂದು ಕೇಳಿ ಸುಮ್ಮನಾಗುತ್ತಾರೆ. ಆದರೆ ಐದು ವರ್ಷದ ನಂತರದ ಸಂಬಳವನ್ನು ಹೆಚ್ಚಾಗಿ ತೀರ್ಮಾನಿಸುವುದು ಮೊದಲ ದಿನ ಕೈಗೆ ಬರುವ ಪ್ರೊಸೆಸ್, ಅಂದರೆ ನಿಮಗೆ ಒಪ್ಪಿಸುವ ಕೆಲಸದ ವಿಭಾಗ.

ಹೆಜ್ಜೆ 1: ಸಂಬಳ ಕೊಡುವವರು ಯಾರು?

ಸಂದರ್ಶನ ಬ್ಯಾಂಕಿನ ಕಟ್ಟಡದಲ್ಲೇ ನಡೆದರೂ ನೇಮಿಸಿಕೊಳ್ಳುವುದು ಗುತ್ತಿಗೆ ಪಡೆದ ಬೇರೆ ಕಂಪನಿ ಆಗಿರಬಹುದು. ಆಫರ್ ಲೆಟರ್‌ನ ತಲೆಬರಹದಲ್ಲಿ ಯಾರ ಹೆಸರಿದೆ ಎಂದು ಮೊದಲು ನೋಡಿ. ಬೆಂಗಳೂರಿನಲ್ಲಿ ಹೊಸಬರಿಗೆ ಗುತ್ತಿಗೆ ಕಂಪನಿಗಳು ಸಾಮಾನ್ಯವಾಗಿ ವರ್ಷಕ್ಕೆ 2.5ರಿಂದ 3.5 ಲಕ್ಷ ಕೊಡುತ್ತವೆ, ಬ್ಯಾಂಕಿನ ಸ್ವಂತ ಕೇಂದ್ರಗಳಲ್ಲಿ 3.5ರಿಂದ 5 ಲಕ್ಷ ಸಿಗುತ್ತದೆ. ಗುತ್ತಿಗೆ ಕಂಪನಿಯಲ್ಲಿ ಎರಡು ವರ್ಷ ಗಟ್ಟಿಯಾಗಿ ಕೆಲಸ ಕಲಿತು ಬ್ಯಾಂಕಿನ ಪೇರೋಲ್‌ಗೆ ಹೋದವರು ಬೇಕಾದಷ್ಟಿದ್ದಾರೆ, ಹಾಗಾಗಿ ಅದು ಕೆಟ್ಟ ದಾರಿಯಲ್ಲ. ಕೆಲಸ ಕೊಡಿಸುತ್ತೇವೆಂದು ದುಡ್ಡು ಕೇಳುವ ಕನ್ಸಲ್ಟೆನ್ಸಿಯ ಹತ್ತಿರ ಮಾತ್ರ ಸುಳಿಯಬೇಡಿ.

ಸರ್ಕಾರಿ ಬ್ಯಾಂಕಿನ ದಾರಿ ಪೂರ್ತಿ ಬೇರೆ. ಹೆಚ್ಚಿನವಕ್ಕೆ ಐಬಿಪಿಎಸ್ ಪರೀಕ್ಷೆ ಬರೆಯಬೇಕು, ಬ್ಯಾಕ್ ಆಫೀಸ್ ಸಿಗುವುದು ಪೋಸ್ಟಿಂಗ್ ಮೇಲೆ. 2024ರ ಮಾರ್ಚ್‌ನಲ್ಲಿ ಸಹಿಯಾದ ವೇತನ ಒಪ್ಪಂದದಂತೆ ಕ್ಲರ್ಕ್ ಮೂಲ ವೇತನ 24,050 ರೂಪಾಯಿಯಿಂದ, ಸ್ಕೇಲ್ 1 ಅಧಿಕಾರಿಯದು 48,480ರಿಂದ ಶುರು. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಇದರ ಮೇಲೆ ಬರುತ್ತವೆ.

ಹೆಜ್ಜೆ 2: ಕೈಗೆ ಬರುವುದೆಷ್ಟು, ನೀವೇ ಲೆಕ್ಕ ಹಾಕಿ

4,20,000 ಸಿಟಿಸಿ ಎಂದರೆ ತಿಂಗಳಿಗೆ 35,000 ಅಲ್ಲ. ಒಂದು ಮಾದರಿ ಆಫರ್ ಬಿಡಿಸಿ ನೋಡೋಣ. ತಿಂಗಳ ಗ್ರಾಸ್ (ಕಡಿತಕ್ಕೆ ಮುಂಚಿನ ಸಂಬಳ) 30,000, ಅದರಲ್ಲಿ ಬೇಸಿಕ್ (ಮೂಲ ವೇತನ) 15,000. ವರ್ಷಕ್ಕೆ ಗ್ರಾಸ್ 3,60,000 ಆಯಿತು. ಉಳಿದ 60,000ದಲ್ಲಿ ಕಂಪನಿಯ ಪಾಲಿನ ಪಿಎಫ್ 21,600, ಗ್ರಾಚ್ಯುಟಿ ಬೇಸಿಕ್‌ನ ಶೇ 4.81ರಂತೆ 8,658, ಆರೋಗ್ಯ ವಿಮೆಯ ಕಂತು 5,742, ವೇರಿಯಬಲ್ ಪೇ (ಸಾಧನೆ ನೋಡಿ ಕೊಡುವ ಹಣ) 24,000. ಇನ್ನು 30,000ದಲ್ಲಿ ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಕಡಿತ (ಫೆಬ್ರುವರಿಯಲ್ಲಿ 300). ಹೊಸ ತೆರಿಗೆ ಪದ್ಧತಿಯಲ್ಲಿ ಈ ಸಂಬಳಕ್ಕೆ ಆದಾಯ ತೆರಿಗೆ ಬರುವುದಿಲ್ಲ. ಕೈಗೆ ಸಿಗುವುದು 28,000.

ಪಿಎಫ್ ನಿಮ್ಮದೇ ಹಣ, ಅದರ ಬಗ್ಗೆ ಬೇಸರ ಬೇಡ. ಗ್ರಾಚ್ಯುಟಿ ಮಾತ್ರ ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷ ಪೂರೈಸಿದ ಮೇಲೆ. ವೇರಿಯಬಲ್ ಹೆಚ್ಚಿನ ಕಡೆ ವರ್ಷಕ್ಕೊಮ್ಮೆ, ಹಣ ಹಾಕುವ ದಿನಕ್ಕೆ ಮುಂಚೆ ರಾಜೀನಾಮೆ ಕೊಟ್ಟಿದ್ದರೆ ಬಹುತೇಕ ಕೈತಪ್ಪುತ್ತದೆ. ನೈಟ್ ಶಿಫ್ಟ್ ಅಲವೆನ್ಸ್ ದಿನಕ್ಕೆಷ್ಟು, ರಜೆ ಹಾಕಿದ ದಿನ ಕಡಿತವೇ, ಮನೆ ಬಾಗಿಲಿಗೆ ಕ್ಯಾಬ್ ಬರುತ್ತದೆಯೇ ಎಂದು ಎಚ್‌ಆರ್ ಅವರಿಂದ ಇಮೇಲ್‌ನಲ್ಲೇ ಉತ್ತರ ಪಡೆಯಿರಿ. ನೋಟಿಸ್ ಅವಧಿ 60 ದಿನವೋ 90 ದಿನವೋ, ಜಾಯ್ನಿಂಗ್ ಬೋನಸ್ ವಾಪಸ್ ಕೊಡಬೇಕಾದ ಷರತ್ತು ಇದೆಯೋ ಎಂಬುದೂ ಓದಿಕೊಳ್ಳಬೇಕಾದ ಸಾಲುಗಳು.

ನಮ್ಮ ಕಡೆಯವರು ಎಡವುವ ಇನ್ನೊಂದು ಜಾಗ ಹಿನ್ನೆಲೆ ಪರಿಶೀಲನೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಮಾತ್ರ, ಪ್ಯಾನ್‌ನಲ್ಲಿ ತಂದೆಯ ಪೂರ್ತಿ ಹೆಸರು, ಆಧಾರ್‌ನಲ್ಲಿ ಊರಿನ ಹೆಸರೂ ಸೇರಿರುತ್ತದೆ. ಸಂದರ್ಶನಗಳು ಶುರುವಾಗುವ ಮೊದಲೇ ಆಧಾರ್, ಪ್ಯಾನ್ ಎರಡನ್ನೂ ಒಂದೇ ರೀತಿ ಮಾಡಿಸಿ. ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ ಜೋಡಿಸಿಟ್ಟುಕೊಳ್ಳಿ.

ಹೆಜ್ಜೆ 3: ಯಾವ ಪ್ರೊಸೆಸ್?

ದೊಡ್ಡ ವಿಭಾಗಗಳು ನಾಲ್ಕು: ಕೆವೈಸಿ (ಗ್ರಾಹಕರ ಗುರುತು ಪರಿಶೀಲನೆ) ಮತ್ತು ಹಣ ಅಕ್ರಮ ವರ್ಗಾವಣೆ ತಡೆ, ಪೇಮೆಂಟ್ಸ್, ರಿಕನ್ಸಿಲಿಯೇಷನ್ (ಎರಡು ಕಡೆಯ ಲೆಕ್ಕ ತಾಳೆ ನೋಡುವುದು), ಸೆಟಲ್‌ಮೆಂಟ್ (ಮಾರಿದ ಷೇರು, ಹಣ ಕೈಬದಲಾಗುವುದು). ಎಲ್ಲದರಲ್ಲೂ ಎರಡು ಬಗೆಯ ಕೆಲಸ ಇದೆ. ಒಂದು, ನೋಡಿ ತುಂಬುವುದು. ಇನ್ನೊಂದು, ಹೊಂದಾಣಿಕೆ ಆಗದೆ ಉಳಿದದ್ದು (ಎಕ್ಸೆಪ್ಷನ್) ಯಾಕೆ ಉಳಿಯಿತು ಎಂದು ಪತ್ತೆಹಚ್ಚುವುದು. ಮೊದಲನೆಯದನ್ನು ಸಾಫ್ಟ್‌ವೇರ್ ಆಗಲೇ ಬಹುಮಟ್ಟಿಗೆ ನುಂಗಿದೆ. ಸಂಬಳ ಏರುವುದು ಎರಡನೆಯದರಲ್ಲಿ.

ಒಂದು ಉದಾಹರಣೆ. ನಮ್ಮ ಬ್ಯಾಂಕಿನ ಗ್ರಾಹಕರಿಗೆ ವಿದೇಶದಿಂದ 1,00,000 ಡಾಲರ್ ಬರಬೇಕು, ಪುಸ್ತಕದಲ್ಲೂ ಹಾಗೇ ಇದೆ. ನೋಸ್ಟ್ರೋ ಖಾತೆಗೆ (ವಿದೇಶಿ ಬ್ಯಾಂಕಿನಲ್ಲಿ ನಮ್ಮ ಬ್ಯಾಂಕ್ ಇಟ್ಟಿರುವ ಖಾತೆ) ಬಿದ್ದಿರುವುದು 99,975. ಆ 25 ಡಾಲರ್‌ನ ಅಂತರವೇ ‘ಬ್ರೇಕ್’. ಬ್ಯಾಂಕುಗಳ ನಡುವಿನ ಪಾವತಿ ಸಂದೇಶದಲ್ಲಿ ಖರ್ಚು ಯಾರದು ಎಂಬ ಸಾಲನ್ನು ನೋಡಬೇಕು, 2025ರ ನವೆಂಬರ್‌ವರೆಗೆ ನಡೆದ ಎಂಟಿ 103 ಸಂದೇಶದಲ್ಲಿ ಅದು 71ಎ. ಅಲ್ಲಿ ‘ಶಾ’ (SHA) ಎಂದಿದ್ದರೆ ಖರ್ಚು ಇಬ್ಬರಿಗೂ ಹಂಚಿಕೆ, ಮಧ್ಯದ ಬ್ಯಾಂಕ್ ಶುಲ್ಕ ಹಿಡಿದದ್ದು ಸರಿ, ಗ್ರಾಹಕರಿಗೆ 99,975 ಜಮಾ. ‘ಅವರ್’ (OUR) ಎಂದಿದ್ದರೆ ಖರ್ಚೆಲ್ಲ ಕಳಿಸಿದವರದು, ಅವರ ಬ್ಯಾಂಕಿಗೆ ಬರೆದು 25 ಡಾಲರ್ ಕೇಳಬೇಕು. ಬರಿಗಣ್ಣಿಗೆ ಎರಡೂ ಒಂದೇ ಮೊತ್ತ. ಈಗಿನ ಐಎಸ್‌ಒ 20022 ಸಂದೇಶದಲ್ಲಿ ಈ ಸಾಲಿನ, ಸಂಕೇತಗಳ ಹೆಸರು ಬದಲಾಗಿವೆ, ತರ್ಕ ಅದೇ. ಕಾರಣ ಹುಡುಕದೆ 25 ಡಾಲರ್ ಅನ್ನು ಸಸ್ಪೆನ್ಸ್ ಖಾತೆಗೆ (ಲೆಕ್ಕ ಸಿಗದ ಹಣವನ್ನು ತಾತ್ಕಾಲಿಕವಾಗಿ ಇಡುವ ಖಾತೆ) ತಳ್ಳಿಬಿಡುವುದು ಹೊಸಬರು ಮಾಡುವ ದೊಡ್ಡ ತಪ್ಪು. ಆಡಿಟ್‌ನಲ್ಲಿ ಮೊದಲು ಸಿಕ್ಕಿಬೀಳುವುದೇ ಅದು.

ಆದ್ದರಿಂದ ಸಂದರ್ಶನದ ಕೊನೆಗೆ ಕೇಳಿ: ‘ಟೀಮ್‌ನಲ್ಲಿ ಎಕ್ಸೆಪ್ಷನ್ ನೋಡುವವರು ಯಾರು ಸರ್, ಹೊಸಬರಿಗೆ ಅದು ಯಾವಾಗ ಸಿಗುತ್ತದೆ?’

ಸೆಟಲ್‌ಮೆಂಟ್ ಕೆಲಸಕ್ಕೆ ಈಗ ಒಳ್ಳೆಯ ಕಾಲ. ಅಮೆರಿಕ 2024ರ ಮೇ 28ರಂದು ಟಿ+1ಕ್ಕೆ ಬಂತು, ಅಂದರೆ ವ್ಯವಹಾರದ ಮರುದಿನವೇ ಹಣ, ಷೇರು ಕೈಬದಲು. ಅಲ್ಲಿ ವ್ಯವಹಾರ ದೃಢೀಕರಿಸುವ ಗಡುವು ರಾತ್ರಿ 9, ನಮಗದು ಬೇಸಿಗೆಯಲ್ಲಿ ಬೆಳಿಗ್ಗೆ 6.30. ನೈಟ್ ಶಿಫ್ಟ್ ಯಾಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಯುರೋಪ್ ಒಕ್ಕೂಟ, ಬ್ರಿಟನ್, ಸ್ವಿಟ್ಜರ್‌ಲೆಂಡ್ 2027ರ ಅಕ್ಟೋಬರ್ 11ಕ್ಕೆ ಇದೇ ಪದ್ಧತಿಗೆ ಬರಲು ದಿನ ಗೊತ್ತುಮಾಡಿವೆ. ಖಾತೆ ವಿವರದ ಒಂದು ಅಂಕಿ ತಪ್ಪಿದರೂ ಸೆಟಲ್‌ಮೆಂಟ್ ವಿಫಲವಾಗುತ್ತದೆ, ಯುರೋಪಿನಲ್ಲಿ ಅದಕ್ಕೆ 2022ರಿಂದ ದಂಡವಿದೆ. ತಪ್ಪನ್ನು ಅದೇ ದಿನ ಹಿಡಿಯಬಲ್ಲವರಿಗೆ ಬೇಡಿಕೆ ಕುಗ್ಗುವುದಿಲ್ಲ.

ಹೆಜ್ಜೆ 4: ಮೊದಲ ಮೂರು ವರ್ಷ

ಮೇಕರ್ ಆಗಿ ಸೇರುತ್ತೀರಿ: ನೀವು ನಮೂದಿಸಿದ್ದನ್ನು ಇನ್ನೊಬ್ಬರು ತಾಳೆ ನೋಡುತ್ತಾರೆ. ಒಂದೂವರೆ ವರ್ಷದೊಳಗೆ ಚೆಕರ್ ಆಗುವ ಗುರಿ ಇಟ್ಟುಕೊಳ್ಳಿ. ಅದಕ್ಕೆ ನಿಮ್ಮ ತಪ್ಪುಗಳ ಒಂದು ಎಕ್ಸೆಲ್ ಹಾಳೆ ಬೇಕು. ದಿನಾಂಕ, ಏನು ತಪ್ಪಿತು, ಯಾಕೆ, ಹೇಗೆ ಸರಿಯಾಯಿತು ಎಂಬ ನಾಲ್ಕು ಕಾಲಂ ಸಾಕು. ಗ್ರಾಹಕರ ಹೆಸರು, ಖಾತೆ ಸಂಖ್ಯೆ ಅದರಲ್ಲಿ ಬರೆಯಲೇಬೇಡಿ, ಹಾಳೆಯನ್ನು ಸ್ವಂತ ಇಮೇಲ್‌ಗೆ ಕಳಿಸಲೂಬೇಡಿ. ಅಷ್ಟಕ್ಕೇ ಕೆಲಸ ಹೋಗುತ್ತದೆ. ಅಪ್ರೈಸಲ್ ದಿನ ‘ಚೆನ್ನಾಗಿ ಕೆಲಸ ಮಾಡಿದೆ’ ಎನ್ನುವುದಕ್ಕಿಂತ ‘ಈ ಬಗೆಯ ಬ್ರೇಕ್ ವಾರಕ್ಕೆ 40 ಇದ್ದದ್ದು 12ಕ್ಕೆ ಇಳಿಯಿತು’ ಎಂಬ ಮಾತಿಗೆ ತೂಕ ಹೆಚ್ಚು.

ಸರ್ಟಿಫಿಕೇಟ್‌ಗಳನ್ನು ಗುಡ್ಡೆ ಹಾಕಬೇಡಿ. ಸೆಟಲ್‌ಮೆಂಟ್‌ಗೆ ಎನ್‌ಐಎಸ್‌ಎಂ ಸೀರೀಸ್ 7 (ಷೇರು ವ್ಯವಹಾರ ನಿರ್ವಹಣೆಯ ಪರೀಕ್ಷೆ), ಕೆವೈಸಿ ವಿಭಾಗಕ್ಕೆ ಬ್ಯಾಂಕಿಂಗ್ ತರಬೇತಿ ಸಂಸ್ಥೆ ಐಐಬಿಎಫ್‌ನ ಕೆವೈಸಿ ಕೋರ್ಸ್, ಅನುಭವ ಆದಮೇಲೆ ಕ್ಯಾಮ್ಸ್ (ಹಣ ಅಕ್ರಮ ವರ್ಗಾವಣೆ ತಡೆಯ ಅಂತರರಾಷ್ಟ್ರೀಯ ಸರ್ಟಿಫಿಕೇಟ್). ಸರ್ಕಾರಿ ಬ್ಯಾಂಕಿನವರಿಗೆ ಜೆಎಐಐಬಿ (ಐಐಬಿಎಫ್‌ನ ಬ್ಯಾಂಕಿಂಗ್ ಪರೀಕ್ಷೆ) ಪಾಸಾದರೆ ಇನ್‌ಕ್ರಿಮೆಂಟ್ ಇದೆ, ತಡಮಾಡಬೇಡಿ.

ಹೆಜ್ಜೆ 5: ಏರುವುದು, ಬಿಡುವುದು

ಬ್ಯಾಂಕಿನ ಸ್ವಂತ ಕೇಂದ್ರದಲ್ಲಿ ಸೀನಿಯರ್ ಅನಲಿಸ್ಟ್‌ಗೆ ಮೂರ್ನಾಲ್ಕು ವರ್ಷದ ಹೊತ್ತಿಗೆ ಸುಮಾರು 6ರಿಂದ 8 ಲಕ್ಷ, ಏಳೆಂಟು ವರ್ಷಕ್ಕೆ ಟೀಮ್ ಲೀಡ್ ಆದವರಿಗೆ 10ರಿಂದ 15 ಲಕ್ಷ ಸಾಮಾನ್ಯ. ಎವಿಪಿ, ವಿಪಿ (ಅಸಿಸ್ಟೆಂಟ್ ವೈಸ್ ಪ್ರೆಸಿಡೆಂಟ್, ವೈಸ್ ಪ್ರೆಸಿಡೆಂಟ್) ಎಂಬ ಹುದ್ದೆಯ ಹೆಸರಿಗೆ ಮರುಳಾಗಬೇಡಿ. ಒಂದು ಬ್ಯಾಂಕಿನ ವಿಪಿ ಇನ್ನೊಂದರ ಮ್ಯಾನೇಜರ್‌ಗೆ ಸಮ ಇರಬಹುದು. ಹೊರಗೆ ಹುಡುಕುವ ಮೊದಲು ಒಳಗಿನ ಐಜೆಪಿ (ಕಂಪನಿಯವರಿಗೇ ತೆರೆದ ಖಾಲಿ ಹುದ್ದೆಗಳ) ಪಟ್ಟಿ ನೋಡಿ. ಒಂದೇ ಪ್ರೊಸೆಸ್‌ನಲ್ಲಿ ಐದು ವರ್ಷ ಕೂತವರಿಗಿಂತ ಪೇಮೆಂಟ್ಸ್‌ನಿಂದ ಕಂಪ್ಲಯನ್ಸ್‌ಗೆ (ನಿಯಮ ಪಾಲನೆ ನೋಡುವ ವಿಭಾಗ) ದಾಟಿದವರಿಗೆ ಬಾಗಿಲು ಹೆಚ್ಚು.

ಕಂಪನಿ ಬದಲಿಸಿದಾಗ ಪಿಎಫ್ ತೆಗೆಯಬೇಡಿ, ಅದೇ ಯುಎಎನ್‌ಗೆ (ಕಂಪನಿ ಬದಲಾದರೂ ಉಳಿಯುವ ನಿಮ್ಮ ಪಿಎಫ್ ಸಂಖ್ಯೆ) ವರ್ಗಾಯಿಸಿ. ಐದು ವರ್ಷದ ಸೇವೆ ತುಂಬುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ. ಹಳೆಯ ಕಂಪನಿ ಬಿಟ್ಟ ದಿನಾಂಕವನ್ನು ನಮೂದಿಸದಿದ್ದರೆ ವರ್ಗಾವಣೆ ಅಲ್ಲೇ ನಿಲ್ಲುತ್ತದೆ. ಎರಡು ತಿಂಗಳು ಕಾದು ಇಪಿಎಫ್‌ಒ ಪೋರ್ಟಲ್‌ನಲ್ಲಿ ‘ಮಾರ್ಕ್ ಎಕ್ಸಿಟ್’ ಒತ್ತಿ ನೀವೇ ದಿನಾಂಕ ತುಂಬಬಹುದು.